ಮನೆ ಮುಂದೆ ನಿಲ್ಲದ ಗಾಡಿ

ದಾದಾಪೀರ್ ಸಾಬ್ರು ಮಂಡಿನೋವಿನಿಂದ ಕೆಲಸ ಬಿಟ್ಟರು ಎಂದು ನಮ್ಮ ಕಚೇರಿಯಲ್ಲಿ ಎಲ್ಲರೂ ಹೇಳುತ್ತಾರೆ. ಮಧುಗಿರಿಯಲ್ಲಿ ನಡೆದ ಬೀಳ್ಕೊಡುಗೆಯಲ್ಲೂ ಅದನ್ನೇ ಹೇಳಿದರು. "ಮೂರು ಸಂಸ್ಥೆಗಳ ನಡುವಿನ ಸೇತುವೆ" ಎಂದು ಹೊಗಳಿದರು. ಸಾಬ್ರು ಬಂದಿರಲಿಲ್ಲ, ಶಾಲನ್ನು ಖಾಲಿ ಕುರ್ಚಿಗೆ ಹೊದಿಸಿ ಫೋಟೋ ತೆಗೆಸಿಕೊಂಡರು. ಮಂಡಿನೋವು ಸುಳ್ಳಲ್ಲ. ಆದರೆ ನಾನು ಕೆಲಸಕ್ಕೆ ಸೇರುವ ಮೊದಲಿಂದಲೂ ಇದ್ದ ನೋವು ಒಂದು ಮಂಗಳವಾರ ಇದ್ದಕ್ಕಿದ್ದಂತೆ ರಾಜೀನಾಮೆಗೆ ಕಾರಣವಾಗಿಬಿಟ್ಟಿತು ಎಂದರೆ ನಂಬುವುದು ಹೇಗೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ವಾದವನ್ನು ನಾನು ಎರಡು ನಿಮಿಷದಲ್ಲಿ ಕೆಡವುತ್ತಿದ್ದೆ.

ಅವರು ಶಿರಾದವರು, ನಮ್ಮ ಸ್ವಯಂಸೇವಾ ಸಂಸ್ಥೆಯ ಜೀಪಿನ ಡ್ರೈವರ್. ಆಸ್ಪತ್ರೆಯವರೆಗೆ ಬರಲಾಗದ ಮಾನಸಿಕ ರೋಗಿಗಳ ಮನೆಗೇ ಹೋಗಿ ಮಾತ್ರೆ, ಇಂಜೆಕ್ಷನ್ ಕೊಟ್ಟು ಬರುವುದು ನಮ್ಮ ಕೆಲಸ. ಹಿಂದಿನ ಸೀಟಿನಲ್ಲಿ ನರ್ಸಮ್ಮ, ಮುಂದೆ ರಿಜಿಸ್ಟರ್ ಹಿಡಿದ ನಾನು. ಮೊದಲ ವಾರವೇ ನನಗೆ ಸಿಟ್ಟು ಬಂದಿತ್ತು. ಈ ಮನುಷ್ಯ ಯಾವ ಮನೆಯ ಮುಂದೆಯೂ ಗಾಡಿ ನಿಲ್ಲಿಸುತ್ತಿರಲಿಲ್ಲ. ಒಂದೂರಲ್ಲಿ ಹಾಲಿನ ಡೈರಿ, ಇನ್ನೊಂದರಲ್ಲಿ ದನದ ಆಸ್ಪತ್ರೆ, ಮತ್ತೊಂದರಲ್ಲಿ ಟೀ ಅಂಗಡಿ. ಅಲ್ಲಿಂದ ನಾವು ಬಿಸಿಲಲ್ಲಿ ನಡೆಯಬೇಕು. ಮಂಡಿ ಹಿಡಿದುಕೊಂಡು ಅವರೂ ಒಮ್ಮೊಮ್ಮೆ ನಡೆಯುತ್ತಿದ್ದರು.

"ಮನೆ ತನಕ ರಸ್ತೆ ಇದೆಯಲ್ಲ ಸಾಬ್ರೇ?"

"ರಸ್ತೆ ಐತೆ ಬೇಟಾ. ರಸ್ತೆ ಅಕ್ಕಪಕ್ಕ ಕಣ್ಣೂ ಅವೆ."

ಪುರವರದ ಹತ್ತಿರದ ಒಂದು ಹಳ್ಳಿಯಲ್ಲಿ ಅವರು ಟಗರು ಕೊಳ್ಳಲು ಬರುವ ಗಿರಾಕಿ ಎಂದೇ ಹೆಸರಾಗಿದ್ದರು. ಟೀ ಅಂಗಡಿಯವನು ಪ್ರತಿ ತಿಂಗಳೂ ಕಾಲೆಳೆಯುತ್ತಿದ್ದ. "ಏನ್ ಸಾಬ್ರೇ, ಮೂರು ವರ್ಷದಿಂದ ನೋಡ್ತಾನೇ ಇದೀರ, ಒಂದ್ ಮರೀನೂ ಹಿಡ್ಕೊಂಡೋಗ್ಲಿಲ್ಲ!"

"ಮದ್ವೆ ಗಂಡು ನೋಡ್ದಂಗೆ ನೋಡ್ಬೇಕು ಕಣ್ಲಾ. ಸುಮ್ನೆ ಕಟ್ಕೊಂಡ್ಬುಡಕ್ಕಾಗ್ತದಾ?"

ಅಲ್ಲಿ ನಗು ನಡೆಯುತ್ತಿರುವಾಗ ನರ್ಸಮ್ಮ ಮತ್ತು ನಾನು ಹಿಂದಿನ ಬೀದಿಯಿಂದ ಸುಜಾತಕ್ಕನ ಮನೆಗೆ ಹೋಗುತ್ತಿದ್ದೆವು. ಹೆಸರು ಬದಲಿಸಿದ್ದೇನೆ. ಮೊದಲು ಊಟ ನಿದ್ದೆ ಬಿಟ್ಟು, ಯಾರೋ ಕೊಲ್ಲಲು ಬರುತ್ತಾರೆಂದು ಹೊಲಗಳಲ್ಲಿ ಓಡುತ್ತಿದ್ದವರು ತಿಂಗಳಿಗೊಂದು ಇಂಜೆಕ್ಷನ್‌ನಿಂದ ಸುಧಾರಿಸಿದ್ದರು. ಪಕ್ಕದ ಊರಿನಲ್ಲಿ ಹುಣಸೆಹಣ್ಣು ಬಿಡಿಸುವ ಕೂಲಿಗೂ ಹೋಗುತ್ತಿದ್ದರು. ಮನೆಯಲ್ಲಿ ತಾಯಿ, ಮದುವೆ ವಯಸ್ಸಿಗೆ ಬಂದ ತಂಗಿ. ಇಂಜೆಕ್ಷನ್ ವಿಷಯ ಆ ಬೀದಿಗೆ ಗೊತ್ತಿರಲಿಲ್ಲ.

ಸಾಬ್ರು ಡ್ರೈವರ್ ಮಾತ್ರ ಎಂದುಕೊಂಡಿದ್ದ ನನ್ನ ಅಹಂಕಾರ ಇಳಿದದ್ದು ಪಾವಗಡದಾಚೆ, ಆಂಧ್ರದ ಗಡಿಯಲ್ಲಿರುವ ವೈ.ಎನ್.ಹೊಸಕೋಟೆಯಲ್ಲಿ. ತೆಲುಗು ಮಾತಾಡುವ ಒಬ್ಬ ತಾತನನ್ನು ನಮ್ಮ ಜೊತೆ ಬಂದಿದ್ದ ವೈದ್ಯರು ಕೇಳಿದರು: "ಕಿವಿಯಲ್ಲಿ ಧ್ವನಿಗಳೇನಾದರೂ ಕೇಳಿಸುತ್ತವೆಯೇ?" ತಾತ ಇಲ್ಲವೆಂದು ತಲೆಯಾಡಿಸಿದ. ನಾನು ಫಾರಂನಲ್ಲಿ 'ಇಲ್ಲ' ಎಂದು ಗುರುತು ಹಾಕಿದೆ. ಬಾಗಿಲಲ್ಲಿ ನಿಂತಿದ್ದ ಸಾಬ್ರು ಕೆಮ್ಮಿ, "ಎವರೈನಾ ನಿನ್ನು ತಿಡ್ತಾ ಉಂಟಾರಾ ತಾತಾ?" ಎಂದರು. ಯಾರಾದರೂ ನಿನ್ನನ್ನು ಬೈತಾ ಇರ್ತಾರಾ ಎಂದು. ತಾತನ ಕಣ್ಣು ತುಂಬಿಬಂತು. "ಪೊದ್ದಸ್ತಮಾನಂ ತಿಡ್ತಾನೇ ಉಂಟಾರಯ್ಯಾ." ದಿನವಿಡೀ ಬೈಯುತ್ತಲೇ ಇರುತ್ತಾರೆ ಎಂದು; ಬೈಯುವವರು ಸತ್ತುಹೋದ ಅಣ್ಣಂದಿರಂತೆ. ನಾನು ಫಾರಂ ಹರಿದು ಹೊಸದು ತೆಗೆದುಕೊಂಡೆ. ವಾಪಸು ಬರುವಾಗ ಸಾಬ್ರು ದಾರಿಯುದ್ದಕ್ಕೂ ಕೊರಟಗೆರೆ ಬಸ್ ಸ್ಟ್ಯಾಂಡಿನ ಇಡ್ಲಿ ಮೊದಲಿನ ಹಾಗಿಲ್ಲ ಎಂದು ಕೊರಗಿದರು.

ಆಗ ಪಾವಗಡದ ಕಡೆಗೆ ನಾವು ಹೋಗುತ್ತಿದ್ದುದು ಮೂರು ತಿಂಗಳಿಗೊಮ್ಮೆ. ಮಧುಗಿರಿ ಪಟ್ಟಣದ ರೋಗಿಗೆ ತಿಂಗಳು ತಿಂಗಳೂ ಔಷಧಿ, ಗಡಿಯಲ್ಲಿರುವ ತಾತನಿಗೆ ಅದೃಷ್ಟವಿದ್ದರೆ. ಈ ಅನ್ಯಾಯ ಸರಿಪಡಿಸಲೆಂದೇ ಮೂರು ಸಂಸ್ಥೆಗಳು ಒಂದಾದವು: ಔಷಧಿ ಸರ್ಕಾರಿ ಆಸ್ಪತ್ರೆಯದು, ಗಾಡಿ ನಮ್ಮದು, ಮನೆ ಮನೆ ಹುಡುಕುವ ಕೆಲಸ ಮಹಿಳಾ ಸಂಘಗಳ ಒಕ್ಕೂಟದ್ದು. ಒಂದೇ ಪಟ್ಟಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿಗೆ ತಿಂಗಳಿಗೊಂದು ಸುತ್ತು. ಇದಕ್ಕಾಗಿ ನಾನೂ ಗಂಟಲು ಹರಿಯುವಷ್ಟು ವಾದಿಸಿದ್ದೆ. ಈಗಲೂ ಅದು ಸರಿ ಎನ್ನುತ್ತೇನೆ.

ಕೊನೆಯ ಸಭೆಯಲ್ಲಿ ಎರಡು ಷರತ್ತು ಬಂದವು. ಗಾಡಿಯ ಎರಡೂ ಬದಿಗೆ ಮೂರೂ ಸಂಸ್ಥೆಗಳ ಗುರುತಿನ ಜೊತೆ 'ಮಾನಸಿಕ ಆರೋಗ್ಯ ಸಂಚಾರಿ ಸೇವೆ' ಎಂಬ ಬೋರ್ಡು. ಭೇಟಿಗೆ ಸಾಕ್ಷಿಯಾಗಿ ರೋಗಿಯ ಮನೆ ಮುಂದೆ ಗಾಡಿ ನಿಂತ ಫೋಟೋ. ಬಾಗಿಲ ಬಳಿ ಕೂತಿದ್ದ ಸಾಬ್ರು ಎದ್ದು ನಿಂತರು. "ಬೋರ್ಡು ಬ್ಯಾಡ ಸಾರ್. ಕೆಲವು ಮನೆ ಬಾಗ್ಲು ಮುಚ್ಕೊಂಬುಡ್ತವೆ."

ಯಾವ ಮನೆ ಎಂದು ಅಧ್ಯಕ್ಷರು ಕೇಳಿದರು. ಹೆಸರು ಬ್ಯಾಡ ಸಾರ್ ಎಂದು ಸಾಬ್ರು ಕೈ ಮುಗಿದರು.

ಉತ್ತರ ಕೊಟ್ಟವಳು ನಾನು. ಬಿ.ಪಿ. ನೋಡಲು ಬಂದವರು ಗಾಡಿಯನ್ನು ದನದ ಆಸ್ಪತ್ರೆಯ ಹಿಂದೆ ಬಚ್ಚಿಡುತ್ತಾರಾ? ಇದು ನಾಚಿಕೆಯ ಕಾಯಿಲೆ ಎಂದು ಊರಿಗೆ ಹೇಳಿಕೊಡುತ್ತಿರುವವರು ನಾವೇ ಅಲ್ಲವೇ? ಸಭೆಯಲ್ಲಿದ್ದವರು ಮೇಜು ಕುಟ್ಟಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

"ನೀವ್ ಏಳೋದು ಸರಿಯಾಗೇ ಐತೆ ಬೇಟಾ," ಎಂದರು ಸಾಬ್ರು. "ನಿಮ್ಮಂಗೆ ಮಾತಾಡಕ್ಕೆ ನಂಗೆ ಬರಾಕಿಲ್ಲ. ಆದ್ರೆ ಆ ಬೋರ್ಡು ನಿಮ್ಮನೆ ಮುಂದೆ ನಿಲ್ಲಲ್ಲ, ಅಷ್ಟೇ."

ಇದು ತರ್ಕವಲ್ಲ, ಭಾವನೆ ಎಂದು ನಾನು ನಕ್ಕೆ.

ಬೋರ್ಡು ಬಂತು. ನಾನು ಸುಳ್ಳು ಹೇಳಬಾರದು: ಹೊಸಕೋಟೆಯ ಕಡೆ ಜನ ಅದನ್ನು ಓದಿ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು. ನಮ್ಮ ಯಾವ ಪಟ್ಟಿಯಲ್ಲೂ ಇಲ್ಲದವರನ್ನು ಕರೆತಂದರು. ಅದೇ ತಿಂಗಳು ಹೊಸ ಷರತ್ತಿನಂತೆ ಸುಜಾತಕ್ಕನ ಮನೆ ಮುಂದೆ ಸಾಬ್ರು ಗಾಡಿ ನಿಲ್ಲಿಸಿದರು. ನಾನು ಫೋಟೋ ತೆಗೆದೆ. ವಾರದೊಳಗೆ ತಂಗಿಯ ಮದುವೆ ಮಾತು ಮುರಿಯಿತು. ಗಂಡಿನವರು ಕಾರಣವನ್ನು ಮುಚ್ಚಿಡಲೂ ಇಲ್ಲ. ಮುಂದಿನ ತಿಂಗಳು ಹೋದಾಗ ತಾಯಿ ಹೊಸಿಲಲ್ಲೇ ತಡೆದರು. "ಇಲ್ಲಿ ಅಂಥೋರ್ಯಾರೂ ಇಲ್ಲ ಕಣಮ್ಮ. ಗಾಡಿ ತಿರುಗಿಸ್ಕೊಂಡ್ ಹೋಗಿ. ಇನ್ನೊಂದ್ ಹೆಣ್ಣಿನ ಬಾಳಾದ್ರೂ ಉಳೀಲಿ."

ನಾನು ರಿಜಿಸ್ಟರಿನಲ್ಲಿ 'ಕುಟುಂಬ ನಿರಾಕರಿಸಿದೆ' ಎಂದು ಬರೆದೆ. ಸಾಬ್ರು ಅದನ್ನು ಬಗ್ಗಿ ಓದಿದರು. "ನಿರಾಕರಿಸಿದ್ದು ಅವ್ರಾ?" ಎಂದರು. ಆ ಮಂಗಳವಾರ ಸಂಜೆ ಜೀಪಿನ ಕೀ ನನ್ನ ಮೇಜಿನ ಮೇಲಿತ್ತು.

ಎರಡು ತಿಂಗಳ ನಂತರ ಶಿರಾಕ್ಕೆ ಅವರನ್ನು ಹುಡುಕಿಕೊಂಡು ಹೋದೆ. ಅಳಿಯನ ಅಂಗಡಿಯಲ್ಲಿ ಬೈಕ್ ಸೀಟಿಗೆ ಕವರ್ ಹೊಲಿಯುತ್ತಿದ್ದರು. "ಆಯಿಯೇ, ವಾದ ಮಾಡೋಕೆ ಬಂದ್ರಾ?" ಎಂದು ಸ್ಟೂಲು ಒರೆಸಿದರು. ಸುಜಾತಕ್ಕನ ತಾಯಿಯ ಹತ್ತಿರ ಒಮ್ಮೆ ಮಾತಾಡಿ, ನಿಮ್ಮ ಮಾತಾದರೆ ಕೇಳುತ್ತಾರೆ ಎಂದೆ.

"ಹೋಗಿದ್ದೆ ಬೇಟಾ, ಓದ ಶುಕ್ರವಾರ. ಬಸ್ನಾಗೆ. ನೀರು ಕೊಟ್ರು, ಕೂರ್ಸಿದ್ರು. ಮಗಳು ನೆಂಟ್ರ ಮನೆಗೆ ಹೋಗವ್ಳೆ ಅಂದ್ರು." ಸೂಜಿ ನಿಂತಿತು. "ಹಿಂದಿನ ಕೋಣೆಗೆ ಒರಗಡೆಯಿಂದ ಚಿಲಕ ಹಾಕಿತ್ತು."

ನಾಳೆಯೇ ನರ್ಸಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. ಬೋರ್ಡು ತೆಗೆಸುತ್ತೇನೆ ಎಂದೆ.

"ತೆಗೆಸ್ಬುಟ್ರೆ, ಹೊಸಕೋಟೆ ತಾವ ಕೈ ಅಡ್ಡ ಇಟ್ಟೋರು ಯಾವ ಗಾಡಿಗೆ ಇಡ್ತಾರೆ?" ಎಂದರು.

ಅವರು ಮತ್ತೆ ಸೀಟಿನ ಮೇಲೆ ಬಗ್ಗಿ ಹೊಲಿಗೆ ಶುರು ಮಾಡಿದರು. ನಾನು ಎದ್ದು, ಬಾಗಿಲವರೆಗೆ ಹೋಗಿ, ತಿರುಗಿ ನಿಂತು ಕೇಳಿದೆ:

"ಸಾಬ್ರೇ, ನಿಮ್ಮ ದನಿ ಕೇಳಿ ಆ ಕೋಣೆಯ ಒಳಗಿನಿಂದ ಸುಜಾತಕ್ಕ ಏನಾದರೂ ಅಂದರಾ?"