ಚಿಂತಾಕಿಯ ಗುರುತಿದ್ದ ಚಿತ್ರ

ನನಗೊಂದು ಚಟವಿದೆ. ಬೀಡಿಯಲ್ಲ, ಇಸ್ಪೀಟಲ್ಲ, ಹಾಗಿದ್ದರೆ ಚರ್ಚಿನಲ್ಲಿ ನನಗಾಗಿ ಪ್ರಾರ್ಥಿಸುವವರಾದರೂ ಇರುತ್ತಿದ್ದರು. ಭಾಲ್ಕಿಯಲ್ಲಿರುವ ಒಬ್ಬ ನವ್ಯ ಚಿತ್ರಕಾರರ ಚಿತ್ರಗಳನ್ನು ಕೂಡಿಹಾಕುವ ಚಟ. ಬೀದರಿನ ನಮ್ಮ ಮನೆಯಲ್ಲಿ ಅವರ ಹನ್ನೊಂದು ಚಿತ್ರಗಳಿದ್ದವು, ಕ್ಯಾಲೆಂಡರಿಗೆ ಗೋಡೆ ಉಳಿದಿರಲಿಲ್ಲ. ನರ್ಸಾಗಿ ನಿವೃತ್ತಳಾದ ನನ್ನ ಹೆಂಡತಿ ಸುಗುಣಾ, "ಪಟ್ಟಿ ಕಟ್ಟೋ ಗಾಯ ಇದ್ದಂಗ ಅವ ನೋಡ್ರಿ" ಎನ್ನುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡದು ಪಡಸಾಲೆಯದು. ಮಾಸಲು ಬಿಳಿಯ ಮೇಲೆ ಒಂದು ಕೆಂಪು ಗುಂಡು, ಕೆಳಗೆ ಎರಡು ನೀಲಿ ಗೆರೆ. ನಾನು ಮಾಸ್ತರಿಕೆಯಿಂದ ನಿವೃತ್ತನಾದರೂ ಪಾಠ ಬಿಟ್ಟವನಲ್ಲ. ಆರು ವರ್ಷ ಬಂದವರಿಗೆಲ್ಲ ಅದರ ಅರ್ಥ ಹೇಳಿದ್ದೇನೆ. ಆ ಗುಂಡು ಒಮ್ಮೆ ಸೂರ್ಯ, ಒಮ್ಮೆ ಆತ್ಮ, ಪಾದ್ರಿಗಳು ಬಂದಾಗ ಪಶ್ಚಾತ್ತಾಪ.

ಕಳೆದ ಚಳಿಗಾಲ ಔರಾದ ತಾಲೂಕಿನ ಚಿಂತಾಕಿಯಿಂದ ಕಂಬಳಿ ಮಾರಲು ಬಂದ ಮಲ್ಲಪ್ಪ ಬಾಗಿಲಲ್ಲೇ ನಿಂತುಬಿಟ್ಟ.

"ಸರ, ಇದು ನಮ್ಮ ಕುರಿ ಗುರ್ತ ಅದರಿ. ನಿಮ್ಮ ಮನಿಗಿ ಹ್ಯಾಂಗ ಬಂತು?"

ಇದು ಕುರಿಯಲ್ಲ, ಕಲೆ ಎಂದೆ. ಅವನು ಜಗಳ ತೆಗೆಯಲಿಲ್ಲ. ಅವರಲ್ಲಿ ಕುರಿಯ ಮೈಮೇಲೆ ಬಣ್ಣದಲ್ಲಿ ಬರೆಯಲು ಮನೆಗೊಂದು ಗುರುತಂತೆ. ಗುರುತಿದ್ದದ್ದು ಎಲ್ಲಿ ಸಿಕ್ಕರೂ ಆ ಮನೆಯದೇ, ಕೇಳಿದ ಕೂಡಲೇ ಬಿಟ್ಟುಕೊಡಬೇಕಂತೆ. ಅವನು ಇದನ್ನೆಲ್ಲ ಅಷ್ಟು ಮರ್ಯಾದೆಯಿಂದ ಹೇಳಿದ್ದೇ ನನಗೆ ದಿಗಿಲು ಹುಟ್ಟಿಸಿತು. ನನ್ನ ಜೀವವೇ ಆ ಚಿತ್ರದಲ್ಲಿತ್ತು. ಚಿತ್ರಕಾರರೇ ತೀರ್ಮಾನಿಸಲಿ ಎಂದು ಅದನ್ನು ಚಾದರದಲ್ಲಿ ಸುತ್ತಿ ಇಬ್ಬರೂ ಭಾಲ್ಕಿ ಬಸ್ಸು ಹತ್ತಿದೆವು.

"ಒಳಗ ಏನದ?" ಎಂದ ಕಂಡಕ್ಟರ್. ನಾನು ಚಿತ್ರ ಎಂದೆ, ಮಲ್ಲಪ್ಪ ಕುರಿ ಎಂದ. ಕಂಡಕ್ಟರ್ ಇಬ್ಬರನ್ನೂ ನೋಡಿ, ಲಗೇಜ್ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಚಿತ್ರಕಾರರೂ ಚಿಂತಾಕಿಯಲ್ಲೇ ಹುಟ್ಟಿದವರೆಂದು ನನಗೆ ಗೊತ್ತಿರಲಿಲ್ಲ. ಮಲ್ಲಪ್ಪನನ್ನು ಕಂಡದ್ದೇ ಎದ್ದು ನಿಂತರು. "ತಪ್ಪಾಗ್ಯದ ಮಲ್ಲಣ್ಣ. ನಿಮ್ಮ ಹಿಂಡ ನೋಡೇ ತೆಗದೀನಿ. ಕೇಳಬೇಕಿತ್ತು, ಕೇಳಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕೊಟ್ಟುಬಿಡ್ರಿ ಸರ" ಎಂದರು. ಇಷ್ಟು ವರ್ಷ ಅವರ ಪರವಾಗಿ ಊರಿಗೆಲ್ಲ ವಾದಿಸಿದವನು ನಾನು! ಸೂರ್ಯ, ಆತ್ಮ, ಪಶ್ಚಾತ್ತಾಪ ಮೂರೂ ಕೈಬಿಟ್ಟವು. ಅಳುವೇ ಬಂತು.

ಮಲ್ಲಪ್ಪ ನನ್ನ ಮುಖ ನೋಡಿದ. ತಪ್ಪಿಸಿಕೊಂಡ ಕುರಿಯನ್ನು ಸಾಕಿದವರಿಗೆ ಅದರ ಉಣ್ಣೆ ಸಲ್ಲಬೇಕೆಂಬುದೂ ಅವರ ರೂಢಿಯಂತೆ. "ಆರು ವರ್ಷ ನೆರಳಿಗಿ ಇಟ್ಟು ಜ್ವಾಕಿ ಮಾಡೀರಿ, ತಗೋರಿ" ಎಂದು ಹೆಗಲ ಮೇಲಿನ ಕಂಬಳಿಯನ್ನು ನನಗೆ ಹೊದಿಸಿದ.

ಈಗ ಆ ಚಿತ್ರ ಚಿಂತಾಕಿಯ ಕುರಿಹಟ್ಟಿಯಲ್ಲಿದೆ. ಬೇಜಾರಾದಾಗ ಹೋಗಿ ನೋಡಿ ಬರುತ್ತೇನೆ. ಅರ್ಥ ಹೇಳಲು ಬಾಯಿ ತೆರೆದರೆ ಕುರಿಗಳು ಎದ್ದು ಹೋಗುತ್ತವೆ. ನಮ್ಮ ನೆಂಟರಿಗೆ ಅಷ್ಟು ಧೈರ್ಯವಿರಲಿಲ್ಲ. ಪಡಸಾಲೆಯ ಖಾಲಿ ಗೋಡೆಗೆ ಸುಗುಣಾ ಕ್ಯಾಲೆಂಡರ್ ಹಾಕಿದ್ದಾಳೆ, ಕಂಬಳಿಯನ್ನೂ ಅವಳೇ ಹೊದೆಯುತ್ತಾಳೆ.

ಉಳಿದ ಹತ್ತು ಚಿತ್ರಗಳನ್ನು ಗೋಡೆಗೆ ಮುಖ ಮಾಡಿಸಿಟ್ಟಿದ್ದೇನೆ. ಔರಾದ ಕಡೆ ಕುರಿ ಸಾಕುವ ಮನೆಗಳು ಬಹಳ. ಆದರೂ ಯಾರಾದರೂ ಬಾಗಿಲು ಬಡಿದರೆ ಒಮ್ಮೊಮ್ಮೆ ಒಂದನ್ನು ಮೆಲ್ಲಗೆ ಈ ಕಡೆ ತಿರುಗಿಸುತ್ತೇನೆ. ಅದು ಏನೆಂದು ಒಬ್ಬರಾದರೂ ಹೇಳಿಯಾರು ಎಂಬ ಆಸೆ.