ದಾಕ್ಷಿಣ್ಯದ ಬೆರಳು

ಕಿವಿ ಪರೀಕ್ಷಿಸುವುದು ನನ್ನ ಕಸುಬು. ಕುರುಬರಹಳ್ಳಿಯ ಒಂದು ಬೇಕರಿಯ ಮೇಲೆ ನನ್ನ ಪುಟ್ಟ ಕ್ಲಿನಿಕ್ಕಿದೆ. ಮನೆಯಲ್ಲಿ ಮಾತ್ರ ಯಾರ ಮಾತೂ ಕೇಳದವಳೆಂಬ ಬಿರುದು.

ಮನುಷ್ಯನಿಗೆ ಕೇಳಿಸುವ ಅತಿ ಸಣ್ಣ ಸದ್ದನ್ನು ಹುಡುಕಲು ಹಲವು ದಾರಿಗಳಿವೆ. ಜೋರಿನಿಂದ ಇಳಿಸುತ್ತ ಬಂದು ಎಲ್ಲಿ ಮಾಯವಾಯಿತೆಂದು ನೋಡುವುದು ಒಂದು. ನಿಶ್ಶಬ್ದದಿಂದ ಏರಿಸುವುದು ಇನ್ನೊಂದು. ಎರಡರ ಉತ್ತರವೂ ಒಂದೇ ಆಗುವುದು ಅಪರೂಪ. ಸದ್ದು ಹೋದ ಮೇಲೂ ಇದೆಯೆಂದೇ ನಂಬುವುದು ಕಿವಿಯ ಸ್ವಭಾವ. ನಾವು ಹತ್ತು ಡೆಸಿಬೆಲ್ ಇಳಿಸಿ, ಐದು ಏರಿಸಿ ಹದ ಹಿಡಿಯುತ್ತೇವೆ. ಕೇಳಿಸಿದಾಗ ಗಾಜಿನಾಚೆಯ ಕೋಣೆಯಲ್ಲಿ ಕೂತವರು ಬೆರಳೆತ್ತಬೇಕು. ನಡುವೆ ಸದ್ದು ಕೊಡದೆಯೇ ಕೊಟ್ಟಂತೆ ನಟಿಸಿ, ಆಗಲೂ ಬೆರಳೇಳುತ್ತದೆಯೇ ಎಂದು ನೋಡಬೇಕು. ಯಾಕೆಂದರೆ ನಮ್ಮ ಜನಕ್ಕೆ ಕಿವಿಗಿಂತ ದಾಕ್ಷಿಣ್ಯ ಚುರುಕು.

ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಪ್ರೆಸ್ ಮೆಷಿನ್ ನಡೆಸಿ ಕಿವಿ ಕಳೆದುಕೊಂಡವರು. ನಾನೇ ಪರೀಕ್ಷಿಸಿ ಶ್ರವಣಯಂತ್ರ ಹಾಕಿದೆ. ಹೆತ್ತ ಅಪ್ಪನೆದುರು ನಾಟಕವೇ ಎಂದು ಆ ನಟನೆಯೊಂದನ್ನು ಬಿಟ್ಟೆ.

ಎರಡು ವರ್ಷದ ಮೇಲೆ, ಹೋದ ತಿಂಗಳು, ನನ್ನ ಸಹೋದ್ಯೋಗಿ ಅಪ್ಪನನ್ನು ಮತ್ತೆ ಪರೀಕ್ಷಿಸಿದಳು. ಸದ್ದಿಲ್ಲದಾಗಲೂ ಬೆರಳು ಎದ್ದೇಳುತ್ತಿತ್ತು. ಯಾಕೆಂದು ನಾನು ಕೇಳಿದರೆ ಅಪ್ಪ ನಾಚಿಕೊಂಡರು.

"ಗುಂಡಿ ಒತ್ತೋವಾಗ ಗಾಜಿನಾಚೆ ಭುಜ ಅಲ್ಲಾಡೋದು ಕಾಣ್ಸತ್ತೆ ಕಣಮ್ಮ. ಅವತ್ತು ನೀನು ಅಷ್ಟೊಂದು ಕಷ್ಟಪಡ್ತಿದ್ದೆ. ಬೆರಳೆತ್ತದೆ ಹೆಂಗಿರ್ಲಿ?"

ಅಂದರೆ ಆ ಬೆರಳನ್ನು ನಂಬಿ ನಾನು ಹೊಂದಿಸಿದ ಯಂತ್ರ ಎರಡು ವರ್ಷವೂ ಅವರಿಗೆ ಸಾಲುತ್ತಲೇ ಇರಲಿಲ್ಲ. ಅಮ್ಮ ಹೋದದ್ದು ಆ ಎರಡು ವರ್ಷದಲ್ಲಿ. ಕೊನೆಯ ದಿನ ಆಸ್ಪತ್ರೆಯಲ್ಲಿ ಅವಳು ಅಪ್ಪನ ಕಡೆ ತಿರುಗಿ ಸಣ್ಣ ದನಿಯಲ್ಲಿ ಏನೋ ಕೇಳಿದಳು. ಅಪ್ಪ "ಹೂಂ" ಅಂದರು. ಗಂಡ ಹೆಂಡಿರ ಮಾತು, ನನಗೇಕೆ ಎಂದು ಸುಮ್ಮನಿದ್ದೆ. ಈಗ ತಡೆಯಲಾರದೆ ಕೇಳಿದೆ, ಅಮ್ಮ ಏನಂದಳು?

"ಕೇಳಿಸ್ಲಿಲ್ಲ ಕಣಮ್ಮ. ಇನ್ನೊಂದ್ಸಲ ಹೇಳು ಅನ್ನೋಕೆ ಮನಸ್ಸು ಬರ್ಲಿಲ್ಲ. ತುಂಬಾ ಸುಸ್ತಾಗಿದ್ಲು."

ನನಗೆ ಅಳು ಬಂತು. ಎಷ್ಟೋ ಕಿವಿಗಳನ್ನು ಅಳೆದವಳು ಬೇಕಾದ ಒಂದನ್ನೇ ತಪ್ಪಾಗಿ ಅಳೆದಿದ್ದೆ.

ಅಮ್ಮ ಹೋದ ಮೇಲೆ ಅಪ್ಪ ಬೀಡಿ ಬಿಟ್ಟಿದ್ದರು. ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಮೂಡಲಪಾಳ್ಯದ ಚಿಕ್ಕಪ್ಪನ ಮನೆಗೆ ತಾವಾಗಿಯೇ ಹೋಗಿ ಉಂಡು ಬಂದಿದ್ದರು. ಆಗಷ್ಟೇ ಸಾರು ಮಾಡುವುದನ್ನೂ ಕಲಿಯತೊಡಗಿದ್ದರು. ದುಃಖಕ್ಕೆ ಮನುಷ್ಯ ಬದಲಾಗುತ್ತಾನೆಂದು ನಾನು ತಿಳಿದಿದ್ದೆ.

ಅಪ್ಪ ನನ್ನ ತಲೆ ಸವರಿದರು. "ಯಾವುದಕ್ಕೆ ಹೂಂ ಅಂದ್ನೋ ಗೊತ್ತಿಲ್ವಲ್ಲಮ್ಮ. ಅದಕ್ಕೇ, ಅವಳು ಏನೇನು ಕೇಳಿರಬಹುದೋ, ಎಲ್ಲಾನೂ ಒಂದೊಂದಾಗಿ ಮಾಡ್ತಾ ಇದೀನಿ."