ಖಾರ ಬೀಳುವ ಮುಂಚೆ

ಅಡುಗೆಮನೆಯ ಬಗ್ಗೆ ಬರೆಯಲು ಕೂತರೆ ನೆನಪು ತಾನಾಗಿಯೇ ಒಗ್ಗರಣೆ ಹಾಕಿಕೊಂಡು ಬರುತ್ತದೆ. ಹಾಗೆ ಘಮಘಮಿಸುತ್ತ ಬಂದದ್ದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಯಾಕೆಂದರೆ ಆಗೆಲ್ಲ ಸಂಜೆ ನಾನು ಮನೆಯಲ್ಲೇ ಇರುತ್ತಿರಲಿಲ್ಲ. ಕೆ.ಆರ್. ನಗರದ ಕಚೇರಿಯಿಂದ ಹೊರಟು ಹೊಸ ಅಗ್ರಹಾರದಲ್ಲಿ ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ಮಕ್ಕಳು ಹಸಿದು ರೇಗುತ್ತಿದ್ದರು. ಒಲೆಯ ಮುಂದೆ ಇರುತ್ತಿದ್ದವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಸರಗೂರಿನ ಕಡೆಯವಳು. ಅವಳೂ ಹಗಲೆಲ್ಲ ಸಾಲಿಗ್ರಾಮದ ಮೆಡಿಕಲ್ ಶಾಪಿನಲ್ಲಿ ನಿಂತು ದುಡಿದು ನನಗಿಂತ ಸ್ವಲ್ಪ ಮುಂಚೆ ಬಂದಿರುತ್ತಿದ್ದಳು ಅಷ್ಟೆ.

ಅತ್ತೆ ತೀರಿಕೊಂಡ ಮೇಲೆ ರಾತ್ರಿಯ ಊಟ ಚೆದುರಿಹೋಗಿತ್ತು. ಮಾವನಿಗೆ ಹಿಟ್ಟು ಬೇಕು. ನಮ್ಮ ಕಡೆ ಹಿಟ್ಟು ಅಂದರೆ ರಾಗಿಮುದ್ದೆ. ನನ್ನ ಗಂಡನಿಗೆ ಚಪಾತಿ. ನನ್ನ ಮಗಳಿಗೆ ಮುದ್ದೆ ಗಂಟಲಲ್ಲಿ ಅಂಟುತ್ತದೆ, ಸೊಪ್ಪು ಕಂಡರೆ ಮುಖ ಸಿಂಡರಿಸುತ್ತಾಳೆ. ವಾರಗಿತ್ತಿಯ ಮಗ ಕೈಯಲ್ಲಿ ಹಿಡಿದು ಓಡಾಡುತ್ತ ತಿನ್ನಬಹುದಾದದ್ದನ್ನು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹೀಗಾಗಿ ಎಷ್ಟೋ ಸಂಜೆ ಒಂದು ಕಡೆ ಸಾರು, ಇನ್ನೊಂದು ಕಡೆ ನೂಡಲ್ಸ್, ಮಧ್ಯೆ ಕಾವಲಿ. ಎಲ್ಲರೂ ಬೇರೆ ಬೇರೆ ಹೊತ್ತಿಗೆ ಉಂಡು ಏಳುತ್ತಿದ್ದರು.

ಒಂದು ಭಾನುವಾರ ಮಾವ ತಟ್ಟೆಯ ಮುಂದೆ ಕೂತು ಯಾರ ಮುಖವನ್ನೂ ನೋಡದೆ ಹೇಳಿದರು. "ಇದೇನು ಮನೆಯೋ ಓಟ್ಲೋ? ಒಬ್ಬೊಬ್ರಿಗೆ ಒಂದೊಂದು ಬೇಯ್ಸೋದಾದ್ರೆ ಒಲೆನೂ ಬ್ಯಾರೆ ಮಾಡ್ಕಳಿ. ನನ್ ಇಟ್ಟು ನಾನೇ ತಿರುವ್ಕತೀನಿ."

ಕೋಪದ ಮಾತಲ್ಲ, ತೀರ್ಮಾನದ ಮಾತು. ನಮ್ಮ ಕಡೆ ಒಲೆ ಬೇರೆಯಾದರೆ ಮನೆ ಬೇರೆಯಾದಂತೆ. ಮೊದಲು ಒಲೆ, ಆಮೇಲೆ ಗದ್ದೆ. ಗದ್ದೆಯ ಚಿಂತೆ ಗಂಡಸರದು. ನನ್ನದು ಇನ್ನೂ ಸಣ್ಣದು, ಇನ್ನೂ ಸ್ವಾರ್ಥದ್ದು. ಒಲೆ ಬೇರೆಯಾದರೆ ನನ್ನ ಮಗಳಿಗೆ ಸಂಜೆ ಊಟ ಹಾಕುವವರು ಯಾರು? ನಾನು ಕೆಲಸ ಬಿಡಬೇಕಾಗುತ್ತಿತ್ತು. ವಾರಗಿತ್ತಿಗೆ ಅದನ್ನು ಹೇಳಿದೆನೋ, ಹೇಳದೆಯೇ ಅವಳಿಗೆ ಗೊತ್ತಾಯಿತೋ ನೆನಪಿಲ್ಲ. ಪಾತ್ರೆ ತೊಳೆಯುತ್ತ, ಈ ವಾರ ಪೂರ್ತಿ ಒಂದೇ ಪಾತ್ರೆಯಲ್ಲಿ ಮಾಡಿ ನೋಡೋಣ ಅಕ್ಕ ಅಂದದ್ದು ಮಾತ್ರ ನಿಜ.

ನಾಳೆ ಏನು ಅಡುಗೆ ಎಂದು ಯೋಚಿಸುವುದನ್ನೇ ಅವಳು ಬಿಟ್ಟುಬಿಟ್ಟಳು. ನಾಳೆ ಏನು ಬೇಯಿಸುವುದು ಎಂದಷ್ಟೇ ಕೇಳಿಕೊಂಡಳು. ಎರಡೂ ಒಂದೇ ಅಂತ ನಾನು ತಿಳಿದಿದ್ದೆ. ಒಂದಲ್ಲ. ಬೇಯುವುದು ಎಲ್ಲರಿಗೂ ಒಂದೇ. ದಾರಿ ಒಡೆಯುವುದು ಖಾರ ಬೀಳುವಾಗ. ಆದ್ದರಿಂದ ಖಾರ ಬೀಳುವ ಮುಂಚೆಯೇ ಮಕ್ಕಳ ಪಾಲು ಪಾತ್ರೆಯಿಂದ ಹೊರಗೆ ಬರಬೇಕು. ಇದನ್ನು ಅವಳು ಬಸ್ಸಾರಿನಿಂದ ಕಲಿತಳೋ, ಅಥವಾ ಬಸ್ಸಾರು ತಿಂದು ಬೆಳೆದವರಿಗೆಲ್ಲ ಇದು ಗೊತ್ತೇ ಇದ್ದು ಮರೆತುಹೋಗಿತ್ತೋ. ಬೇಳೆ ಸೊಪ್ಪು ಬೇಯಿಸಿ ನೀರು ಬಸಿದರೆ ಆ ನೀರೇ ಕಟ್ಟು, ಅದಕ್ಕೆ ಮಸಾಲೆ ರುಬ್ಬಿ ಹಾಕಿದರೆ ದೊಡ್ಡವರ ಸಾರು, ಉಳಿದದ್ದು ಪಲ್ಯ. ಒಂದು ಪಾತ್ರೆ, ಎರಡು ಅಡುಗೆ. ಅವಳು ಆ ಪಲ್ಯವನ್ನು ಅಲ್ಲಿಗೇ ಬಿಡಲಿಲ್ಲ. ರಾಗಿಹಿಟ್ಟಿಗೆ ಕಲಸಿ, ಈರುಳ್ಳಿ ಸೇರಿಸಿ, ಅಂಗೈಯಗಲ ರೊಟ್ಟಿ ತಟ್ಟಿದಳು. ಸೊಪ್ಪು ಬೇಡ, ರಾಗಿ ಬೇಡ ಅನ್ನುತ್ತಿದ್ದ ಮಕ್ಕಳು ಸೊಪ್ಪು ರಾಗಿ ಎರಡನ್ನೂ ಕೈಯಲ್ಲಿ ಹಿಡಿದು ಹಜಾರದಲ್ಲಿ ಓಡಾಡಿಕೊಂಡು ತಿಂದರು. ಮೊಟ್ಟೆ ಮಾಡಿದ ದಿನ ಬೇಯಿಸಿದ ಮೊಟ್ಟೆಗೆ ಮೆಣಸು ಉಪ್ಪು ಸವರಿ ಮಕ್ಕಳಿಗೆ ಕೊಟ್ಟು, ಮಿಕ್ಕಿದ್ದನ್ನು ಸೀಳಿ ಸಾರಿಗೆ ಬಿಟ್ಟಳು. ನನ್ನ ಗಂಡ ಚಪಾತಿ ಕೇಳಲಿಲ್ಲ. ಕೇಳಿದ್ದರೆ ರೊಟ್ಟಿ ಇದೆಯಲ್ಲ ಅನ್ನುವ ಉತ್ತರ ತಯಾರಾಗಿತ್ತು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ನಾನು ಅವಳನ್ನೇ ಯೋಚಿಸುತ್ತಿದ್ದೆ. ಕಚೇರಿಯಲ್ಲಿ ನಾವು ಒಂದು ಕೆಲಸವನ್ನು ಹತ್ತು ಮೇಜಿಗೆ ಹಂಚುತ್ತೇವೆ. ಅವಳು ಏಳು ಬಾಯಿಯ ಬೇಡಿಕೆಯನ್ನು ಒಂದು ಪಾತ್ರೆಗೆ ಇಳಿಸಿದ್ದಳು, ಅದೂ ನಿಂತು ನಿಂತು ಊದಿದ ಕಾಲಲ್ಲಿ.

ಅಷ್ಟಾದರೂ ಮಾವ ಕೊಟ್ಟಿಗೆ ಪಕ್ಕದ ಕೋಣೆಯನ್ನು ಗುಡಿಸಿ ತಮ್ಮ ಒಲೆಗೆ ಜಾಗ ಮಾಡುತ್ತಿದ್ದರು. ವಾರದ ಕೊನೆಗೆ ಅಲ್ಲಿಗೆ ಹೋಗುವುದಾಗಿ ನನ್ನ ಗಂಡನಿಗೆ ತಿಳಿಸಿಯೂ ಆಗಿತ್ತು.

ಮುಂದಿನದು ಗುರುವಾರ ನಡೆದದ್ದು ಎಂದು ನಾನು, ಅಲ್ಲ ಶುಕ್ರವಾರ ಎಂದು ಅವಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರೆ ಅಡುಗೆಮನೆಯಲ್ಲಿ ವಾರಗಿತ್ತಿ ಮಿಕ್ಸಿಗೆ ಮಸಾಲೆ ಹಾಕಿಕೊಂಡು ನಿಂತಿದ್ದಳು. ಮೈದುನ ಖಾಲಿ ಪಾತ್ರೆ ಹಿಡಿದುಕೊಂಡಿದ್ದ. ಹೆಂಡತಿಗೆ ಸುಸ್ತಾಗಿದೆ ಎಂದು ಸಹಾಯಕ್ಕೆ ಬಂದವನು ಬೆಂದ ಬೇಳೆ ಸೊಪ್ಪನ್ನು ಜರಡಿಗೆ ಸುರಿದು, ನೂಡಲ್ಸ್ ಬಸಿದ ಹಾಗೆ, ಕಟ್ಟನ್ನೆಲ್ಲ ಸಿಂಕಿಗೆ ಬಿಟ್ಟಿದ್ದ.

"ನೀರಲ್ವಾ ಅಂತ ಚೆಲ್ದೆ," ಅಂದ.

"ಉಟ್ಟಿದಾಗಿಂದ ಬಸ್ಸಾರು ಉಣ್ತಿದೀರಲ್ಲ, ಅದು ಎಲ್ಲಿಂದ ಬತ್ತದೆ ಅನ್ಕಂಡಿದ್ರಿ?"

"ನೀನು ಮಾಡ್ತೀಯ ಅನ್ಕಂಡಿದ್ದೆ."

ನನ್ನ ನೆನಪಿನಲ್ಲಿ ಅವಳು ಇಲ್ಲಿ ನಕ್ಕಳು. ಆದರೆ ಅವಳು ಹೇಳುವ ಪ್ರಕಾರ ಅವಳಿಗೆ ಅಳು ಬಂದಿತ್ತು, ಈರುಳ್ಳಿ ಎಂದು ನೆಪ ಹೇಳಿದ್ದಳು, ನಾನು ನಂಬಿದ್ದೆ. ಮಾವ ಆಗಲೇ ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದರು. ಗದ್ದೆಯಿಂದ ಬಂದವರಿಗೆ ಹಿಟ್ಟು ತಯಾರಿತ್ತು, ಸಾರು ಮಾತ್ರ ಚರಂಡಿ ಸೇರಿತ್ತು. ಮತ್ತೆ ಬೇಳೆ ಇಡುವಷ್ಟು ಹೊತ್ತಿರಲಿಲ್ಲ. ನಾನು ಮೊಸರು ಇದೆಯಾ ನೋಡಲು ಹೋದೆ.

ತಿರುಗಿ ಬರುವಷ್ಟರಲ್ಲಿ ಅವಳು ಜರಡಿಯಲ್ಲಿದ್ದ ಬೇಳೆ ಸೊಪ್ಪನ್ನು ಎರಡು ಪಾಲು ಮಾಡಿದ್ದಳು. ಒಂದನ್ನು ಮಕ್ಕಳ ರೊಟ್ಟಿಗೆ ಎತ್ತಿಟ್ಟು, ಇನ್ನೊಂದನ್ನು ಮಸಾಲೆಯ ಜೊತೆಗೇ ಮಿಕ್ಸಿಗೆ ಹಾಕಿ ತಿರುಗಿಸಿ, ಹುಣಸೆರಸ ಬಿಟ್ಟು ಬಿಸಿನೀರಲ್ಲಿ ಕುದಿಸಿದಳು. ಬಸ್ಸಾರು ಹೋಗಿ ಮಸ್ಸೊಪ್ಪು ಆಗಿತ್ತು. ಗಾಬರಿ ಇರಲಿಲ್ಲ. ಕೈ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುತ್ತಿತ್ತು. ಒಬ್ಬರು ಯೋಚಿಸುವುದನ್ನು ಕಣ್ಣಿಂದ ನೋಡಬಹುದು ಎಂದು ನನಗೆ ಅನಿಸಿದ್ದು ಆವತ್ತು.

ಎಲ್ಲರೂ ಒಟ್ಟಿಗೆ ಕೂತೆವು. ಮಾವ ಹಿಟ್ಟು ಮುರಿದು ಅದ್ದಿ ನುಂಗಿ, ಸ್ವಲ್ಪ ತಡೆದು, ಇವತ್ತು ಬಸ್ಸಾರು ಅಂದಿದ್ರಲ್ಲ ಎಂದರು. ಉತ್ತರ ಕೊಟ್ಟದ್ದು ನನ್ನ ಮಗಳು.

"ಚಿಕ್ಕಪ್ಪ ಸಾರು ಚೆಲ್ಬುಟ್ರು ತಾತ. ನೀರು ಅನ್ಕಂಡು."

ಮಾವ ಮಗನನ್ನು ನೋಡಿದರು. ಮಗ ತಟ್ಟೆ ನೋಡಿಕೊಂಡಿದ್ದ. ಇನ್ನೊಂದು ತುತ್ತು ನುಂಗಿದ ಮೇಲೆ ಮಾವ ನಿಧಾನವಾಗಿ ಕಿರಿಸೊಸೆಗೆ ಹೇಳಿದರು. "ಇವನಿಗೆ ಬ್ಯಾರೆ ಒಲೆ ಕೊಟ್ರೆ ಉಪಾಸ ಸಾಯ್ತಾನೆ ಕಣವ್ವ."

ಮೊದಲು ನಕ್ಕದ್ದು ನನ್ನ ಗಂಡ, ಆಮೇಲೆ ಮೈದುನನೇ. ಮಾವ ನಗಲಿಲ್ಲ. ಮೊಮ್ಮಗಳ ತಟ್ಟೆಯಲ್ಲಿದ್ದ ರೊಟ್ಟಿಯ ಒಂದು ಚೂರು ಮುರಿದುಕೊಂಡು, ಅಗಿದು, ಇದ್ನೂ ಒಸಿ ಹಾಕು ಎಂದರು. ಆಮೇಲೆ ನಾಳೆ ಏನು ಬೇಯಿಸುತ್ತೀಯ ಎಂದು ಕೇಳಿದರು. ಹುರುಳಿಕಾಳು ಎಂದಳು. ಕಾಳು ನನಗೆ ಎಂದ ಅವಳ ಮಗ. ಉಸಲಿ ಮಾಡಿದರೆ ತಾನೂ ತಿನ್ನುವುದಾಗಿ ನನ್ನ ಮಗಳು ಷರತ್ತು ಹಾಕಿದಳು, ತೆಂಗಿನಕಾಯಿ ಜಾಸ್ತಿ ಇರಬೇಕು. ಕಟ್ಟಿನ ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಇರಲಿ ಎಂದು ಮಾವ. ಈ ಮಾತುಕತೆ ಅದೇ ಊಟದಲ್ಲಿ ಆಗಿರಲಿಕ್ಕಿಲ್ಲ, ಬೇರೆ ಯಾವುದೋ ಸಂಜೆಯದನ್ನು ತಂದು ಇಲ್ಲಿ ಅಂಟಿಸುತ್ತಿದ್ದೀಯ ಎಂದು ವಾರಗಿತ್ತಿ ಹೇಳುತ್ತಾಳೆ. ಇರಬಹುದು.

ಮರುದಿನ ಬೆಳಗಿನದು ಮಾತ್ರ ಇಬ್ಬರೂ ಒಪ್ಪುವ ಸಂಗತಿ. ನಾನು ಬಸ್ಸಿಗೆ ಹೊರಡುವಾಗ ಅಡುಗೆಮನೆಯಲ್ಲಿ ಒಂದು ದೊಡ್ಡ ತಪ್ಪಲೆ ತುಂಬ ಹುರುಳಿ ನೆನೆಯುತ್ತಿತ್ತು. ಮಾವ ನಸುಕಿನಲ್ಲೇ ಎದ್ದು ನೆನೆಹಾಕಿ ಗದ್ದೆಗೆ ಹೋಗಿದ್ದರು. ಎತ್ತುಗಳಿಗೆ ನೆನೆಸಿ ಅಭ್ಯಾಸವಾದ ಕೈ, ಮನುಷ್ಯರ ಅಳತೆ ಗೊತ್ತಿಲ್ಲ. ಇಡೀ ಬೀದಿಗೆ ಬಡಿಸಬಹುದಿತ್ತು.

ಅವಳು ಸೊಂಟದ ಮೇಲೆ ಕೈಯಿಟ್ಟು ಆ ತಪ್ಪಲೆಯನ್ನು ನೋಡುತ್ತ ನಿಂತಿದ್ದಳು. ಇವತ್ತು ಬಸ್ಸಾರು ಉಸಲಿ, ಮಿಕ್ಕಿದ್ದನ್ನು ಮೊಳಕೆ ಕಟ್ಟಿದರೆ ನಾಳೆಗೆ ಮೊಳಕೆ ಸಾರು, ನಾಡಿದ್ದು ಒಂದಿಷ್ಟನ್ನು ರುಬ್ಬಿ ದೋಸೆಗೆ ಸೇರಿಸಿದರೆ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸಂಜೆ ಬೇಗ ಬರಲು ಪ್ರಯತ್ನ ಮಾಡುತ್ತೇನೆ ಎಂದೆ. ಅವಳು ತಪ್ಪಲೆಯಿಂದ ಕಣ್ಣು ತೆಗೆಯಲಿಲ್ಲ.

"ನಿಧಾನ ಬಾ ಅಕ್ಕ. ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ಕೂತ್ಕಂಡು ಬಾ."